ಅಧಿಕಮಾಸಕ್ಕೆ ಕಾಯುತ್ತಿದ್ದ ಮೇಡಂ

ನಮ್ಮ ಪಿ.ಟಿ. ಮೇಡಂ ಅವರ ಬಿಳಿ ಪ್ಯಾಂಟಿನ ಬಲಮಂಡಿ ಮಾತ್ರ ಸದಾ ಹಸಿರಾಗಿರುತ್ತಿತ್ತು. ಎಡಮಂಡಿ ಇಸ್ತ್ರಿ ಗೀರಿನೊಂದಿಗೆ ಬೆಳ್ಳಗೆ ಹೊಳೆಯುತ್ತಿದ್ದರೆ ಬಲಮಂಡಿಯಲ್ಲಿ ಅಂಗೈ ಅಗಲದ ಹುಲ್ಲಿನ ಕಲೆ. ಬಸ್‌ಸ್ಟ್ಯಾಂಡ್ ಹತ್ತಿರದ ಇಸ್ತ್ರಿ ಅಂಗಡಿಯವನು ನಿಂಬೆಹಣ್ಣು ಉಜ್ಜಿ ನೋಡಿದ, ಸೋಡಾಪುಡಿ ಹಾಕಿ ನೋಡಿದ. ಕೊನೆಗೆ ಕೈಚೆಲ್ಲಿ ಹೇಳಿದ: “ಮೇಡಂ, ಇದು ಓಗಕಿಲ್ಲ. ಬೇಕಾದ್ರೆ ಆ ಕಡೆ ಮಂಡಿಗೂ ಅಸ್ರು ಬಣ್ಣ ಆಕ್ಕೊಡ್ತೀನಿ, ಜೋಡಿಯಾಗಾದ್ರೂ ಇರ್ಲಿ.”

ಆ ಹಸಿರು ನಮ್ಮದು. ಕೊಳ್ಳೇಗಾಲದಲ್ಲಿ ನಮ್ಮಪ್ಪ ಕಟ್ಟಿಸಿದ, ಈಗ ನಾನು ನೋಡಿಕೊಳ್ಳುವ ಮದುವೆ ಛತ್ರದ ಹಿಂದಿನ ಲಾನಿನದು. ಆರತಕ್ಷತೆಗೆ, ಫೋಟೋಗೆ, ಐಸ್‌ಕ್ರೀಂ ಕೌಂಟರಿಗೆ ಎಂದು ಬೆಳೆಸಿದ ಹುಲ್ಲು. ಅದರ ಮೇಲೆ ಬಲಮಂಡಿ ಊರಿ ಊರಿ ನಮ್ಮ ಮೇಡಂ ಒಂದು ದಿನ ಭಾರತಕ್ಕೆ ಆಡಿ ಬಂದರು. ಆಟದ ಹೆಸರು ಲಾನ್ ಬೌಲ್ಸ್.

ಗೊತ್ತಿಲ್ಲದವರಿಗೆ ಎರಡು ಮಾತು. ಮಟ್ಟಸವಾದ ಹುಲ್ಲಿನ ಅಂಗಳದಲ್ಲಿ ಒಂದು ಪುಟ್ಟ ಬಿಳಿ ಚೆಂಡನ್ನು ದೂರಕ್ಕೆ ಉರುಳಿಸುತ್ತಾರೆ. ಅದು ಜ್ಯಾಕ್. ಆಮೇಲೆ ದಪ್ಪನೆಯ ಗುಂಡುಗಳನ್ನು ಒಂದೊಂದಾಗಿ ಅದರ ಕಡೆಗೆ ಉರುಳಿಸುತ್ತಾರೆ. ಯಾರ ಗುಂಡು ಹತ್ತಿರ ನಿಂತಿತೋ ಅವರಿಗೆ ಅಂಕ. ತೊಂದರೆ ಏನೆಂದರೆ ಗುಂಡು ಪೂರ್ತಿ ದುಂಡಗಿಲ್ಲ. ನೇರವಾಗಿ ಬಿಟ್ಟರೂ ವೇಗ ಇಳಿಯುತ್ತಿದ್ದಂತೆ ಒಂದು ಮಗ್ಗುಲಿಗೆ ಬಾಗಿಕೊಂಡು ಹೋಗುತ್ತದೆ. ಆ ಬಾಗನ್ನು ಮೊದಲೇ ಲೆಕ್ಕ ಹಾಕಿ ಬಿಡಬೇಕು. ನಮ್ಮೂರ ಕಾಲೇಜಿನ ಉಪನ್ಯಾಸಕರೊಬ್ಬರು ಇದನ್ನು ನೋಡಿ, “ಬದುಕೂ ಹೀಗೆಯೇ ಅಲ್ಲವೇ ಮೇಡಂ” ಎಂದು ಶುರು ಮಾಡಿದ್ದರು. ಮೇಡಂ, “ಬದುಕು ಗಿದುಕು ಗೊತ್ತಿಲ್ಲ ಸಾ, ಒಸಿ ಸರ್ಕಳಿ, ಗುಂಡು ಕಾಲಿಗೆ ಬತ್ತದೆ” ಎಂದರು. ಬಂತು ಕೂಡ. ಪಾಪ, ಉಪನ್ಯಾಸಕರು ಆ ವಾರವೆಲ್ಲ ಕುಂಟಿಕೊಂಡೇ ಪಾಠ ಮಾಡಿದರು.

ನಾನು ಅವರ ಶಿಷ್ಯ. ಡ್ರಿಲ್ ಪೀರಿಯಡ್ ಬಂತೆಂದರೆ ತಪ್ಪದೆ ಹೊಟ್ಟೆನೋವು ಬರುತ್ತಿದ್ದ ಶಿಷ್ಯ. “ಏನ್ಲಾ, ನಿನ್ ಒಟ್ಟೆಗೂ ಟೈಂಟೇಬಲ್ ಬತ್ತದಾ?” ಎಂದು ಕಿವಿ ಹಿಡಿದು ಮೈದಾನಕ್ಕೆ ಎಳೆದೊಯ್ಯುತ್ತಿದ್ದರು. ನನಗೆ ಮದುವೆಯಾಗಿ, ಮಕ್ಕಳಾಗಿ, ತಲೆ ನೆರೆಯಲು ಶುರುವಾದ ಮೇಲೂ ಅವರ ಸ್ಕೂಟರಿನ ಸದ್ದು ಕೇಳಿದರೆ ನಾನು ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಿದ್ದೆ.

ಮೇಡಂ ಮುಳ್ಳೂರಿನವರು, ಒಳ್ಳೆಯ ಗದ್ದೆ ಇದ್ದ ಮನೆಯವರು. ಮದುವೆಯಾಗಲಿಲ್ಲ. ಅಕ್ಕನ ಜೊತೆ ಕೊಳ್ಳೇಗಾಲದಲ್ಲಿದ್ದರು. ವಯಸ್ಸಿನಲ್ಲಿದ್ದಾಗ ಗುಂಡು ಎಸೆತದಲ್ಲಿ ರಾಜ್ಯಕ್ಕೇ ಮುಂದಿದ್ದವರು. ಇನ್ನೇನು ದೇಶಕ್ಕೆ ಆಡಬೇಕು ಎನ್ನುವಾಗ ಭುಜ ಕೈಕೊಟ್ಟಿತು. ಅಲ್ಲಿಂದ ಅವರಿಗೆ ಒಂದೇ ಆಸೆ: ಎದೆಯ ಮೇಲೆ ಭಾರತ ಎಂದು ಬರೆದ ಅಂಗಿ ಹಾಕಿಕೊಂಡು ಒಂದು ಸಲ ಆಡಬೇಕು. ಒಂದೇ ಸಲ ಸಾಕು. ಇದನ್ನು ಅವರು ಯಾರಿಗೂ ಗುಟ್ಟಾಗಿ ಹೇಳಿದವರಲ್ಲ. ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತ ಹೇಳುತ್ತಿದ್ದರು. ಕೇಳಿದವರು “ಆಗ್ಲಿ ತಕಳಿ ಮೇಡಂ” ಎಂದು ಒಂದು ಹಿಡಿ ಕೊತ್ತಂಬರಿ ಸೇರಿಸಿ ಕೊಡುತ್ತಿದ್ದರು.

ಒಮ್ಮೆ ಹುಡುಗಿಯರ ಖೋಖೋ ತಂಡ ಕರೆದುಕೊಂಡು ರಾಜ್ಯ ಮಟ್ಟದ ಆಯ್ಕೆಗೆ ಹೋಗಿದ್ದರು. ಅಲ್ಲಿ ಲಾನ್ ಬೌಲ್ಸ್ ತಂಡಕ್ಕೆ ಒಬ್ಬರು ಕಡಿಮೆ ಬಿದ್ದಿದ್ದರು. ಅಧಿಕಾರಿಯೊಬ್ಬರು ಮೈದಾನದಲ್ಲಿ “ಯಾರಾದರೂ ಆಡುತ್ತೀರಾ?” ಎಂದು ಕೂಗಿಕೊಂಡು ಓಡಾಡುತ್ತಿದ್ದರು. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ಗುಂಡು ಎಷ್ಟು ತೂಕ ಸಾ?” ತಾವು ಎಸೆಯುತ್ತಿದ್ದ ಕಬ್ಬಿಣದ ಗುಂಡಿನ ಅರ್ಧವೂ ಇಲ್ಲ ಎಂದು ಗೊತ್ತಾದ ಕೂಡಲೇ ಕೈ ಎತ್ತಿದರು. ಗುಂಡು ಕೈಗೆ ಕೊಟ್ಟರು. ಮೇಡಂ ಅದನ್ನು ಕತ್ತಿನ ಪಕ್ಕಕ್ಕೆ ಒತ್ತಿ, ಮೈ ತಿರುಗಿಸಿ, ಹೂಂಕರಿಸಿ ಎಸೆದರು. ಅದು ಆಕಾಶದಲ್ಲಿ ಹೋಗಿ ಆ ಮೆತ್ತನೆಯ ಹುಲ್ಲಿನಲ್ಲಿ ಇಡ್ಲಿ ತಟ್ಟೆಯಷ್ಟು ದೊಡ್ಡ ಗುಂಡಿ ಮಾಡಿ ಕೂತಿತು. ಅಧಿಕಾರಿ ತಲೆಯ ಮೇಲೆ ಕೈ ಇಟ್ಟುಕೊಂಡು ಓಡಿ ಬಂದರಂತೆ. ಆದರೂ ತಂಡಕ್ಕೆ ಸೇರಿಸಿಕೊಂಡರು. ಬೇರೆ ದಾರಿ ಇರಲಿಲ್ಲ.

ಊರಿಗೆ ಬಂದವರಿಗೆ ಆಟದ ಹುಚ್ಚು ಹಿಡಿದಿತ್ತು, ಆಡಲು ಜಾಗವಿರಲಿಲ್ಲ. ಆಗಲೇ ನಮ್ಮ ಛತ್ರದಲ್ಲಿ ಅವರ ಹಳೆಯ ಶಿಷ್ಯೆಯೊಬ್ಬಳ ಆರತಕ್ಷತೆ. ಮೇಡಂ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಹೆಂಗಸರು ಚೀರಿದ ಸದ್ದು. ಓಡಿಹೋಗಿ ನೋಡಿದರೆ ಮೇಡಂ ಲಾನಿನ ನಡುವೆ ಬೋರಲು ಬಿದ್ದಿದ್ದಾರೆ, ಕೆನ್ನೆ ಹುಲ್ಲಿಗೆ ಒತ್ತಿದೆ. ಒಬ್ಬರು ಸೋಡಾ ತಂದರು, ಒಬ್ಬರು ಈರುಳ್ಳಿ ಜಜ್ಜಿ ತಂದು ಮೂಗಿಗೆ ಹಿಡಿದರು. ಮೇಡಂ ಒಂದು ಕಣ್ಣು ತೆರೆದು, “ತೆಗೀರಿ ಅತ್ಲಾಗೆ, ಮಟ್ಟ ನೋಡ್ತಾವ್ನಿ” ಎಂದರು.

ಎದ್ದವರೇ ಸೀರೆ ಕೊಡವಿ ನನ್ನನ್ನು ಹಿಡಿದರು.

“ಮದ್ವೆ ಇಲ್ದಿದ್ ದಿನ ಇದ್ನ ನನ್ಗೆ ಬುಡ್ಬೇಕು ಕಣ್ಲಾ.”

“ನೋಡಣ ಮೇಡಂ.”

“ಇನ್ನೇನ್ ನೋಡದು? ಮಲೀಕಂಡೇ ನೋಡಿವ್ನಲ್ಲ.”

ಹೀಗೆ ನಮ್ಮ ಲಾನು ಅವರದಾಯಿತು. ಛತ್ರದವರಿಗೆ ಯಾವುದು ಕೆಟ್ಟ ಕಾಲವೋ ಅದು ಮೇಡಂಗೆ ಒಳ್ಳೆಯ ಕಾಲ. ಆಷಾಢ ಬಂತೆಂದರೆ ನಮ್ಮ ಮುಖ ಬಾಡುತ್ತಿತ್ತು, ಅವರ ಮುಖ ಅರಳುತ್ತಿತ್ತು. ಪಿತೃಪಕ್ಷದಲ್ಲಿ ಊರೆಲ್ಲ ಹಿರಿಯರಿಗೆ ಎಡೆ ಇಡುತ್ತಿದ್ದರೆ ಇವರು ಬಿಳಿ ಪ್ಯಾಂಟು ತೊಟ್ಟು ಹಬ್ಬದವರ ಹಾಗೆ ಬರುತ್ತಿದ್ದರು. ಧನುರ್ಮಾಸದಲ್ಲಿ ಇಬ್ಬನಿ ಆರುವ ಮೊದಲೇ ಹಾಜರು. ನಮ್ಮ ಛತ್ರದ ಶಾಸ್ತ್ರಿಗಳನ್ನು ಯುಗಾದಿಯ ಮರುದಿನವೇ ಹಿಡಿದು ಕೇಳುತ್ತಿದ್ದರು: “ಈ ವರ್ಸ ಸುಕ್ರ ಯಾವಾಗ ಮುಳುಗ್ತಾನೆ ಸಾಸ್ತ್ರಿಗಳೇ? ಗುರು?” ಗುರುವೋ ಶುಕ್ರನೋ ಅಸ್ತವಾದರೆ ಮುಹೂರ್ತವಿಲ್ಲ, ಲಾನು ಖಾಲಿ. ಎಲ್ಲಕ್ಕಿಂತ ಅವರಿಗೆ ಪ್ರಿಯವಾದದ್ದು ಅಧಿಕಮಾಸ. ಇಡೀ ತಿಂಗಳಿಗೆ ತಿಂಗಳೇ ಮದುವೆಯಿಲ್ಲ. ಶಾಸ್ತ್ರಿಗಳು ನನ್ನ ಹತ್ತಿರ, “ಒಳ್ಳೆಯ ದಿನ ಕೇಳಿಕೊಂಡು ಬರುವವರನ್ನು ಜೀವಮಾನವಿಡೀ ನೋಡಿದ್ದೇನೆ. ಕೆಟ್ಟ ದಿನ ಕೇಳಿ, ದಕ್ಷಿಣೆಯನ್ನೂ ಕೊಟ್ಟು ಹೋಗುವವರು ಇವರೊಬ್ಬರೇ ಮಾರಾಯ” ಎಂದಿದ್ದರು.

ಮೊದಮೊದಲು ಗುಂಡು ಇರಲಿಲ್ಲ, ತೆಂಗಿನಕಾಯಲ್ಲೇ ಅಭ್ಯಾಸ. ತಾಂಬೂಲಕ್ಕೆಂದು ತಂದು ಉಗ್ರಾಣದಲ್ಲಿ ರಾಶಿ ಹಾಕಿದ ಸುಲಿದ ಕಾಯಿ. ಅದೂ ನೆಟ್ಟಗೆ ಉರುಳುವುದಿಲ್ಲವಲ್ಲ. ಜುಟ್ಟು ಬೋಳಿಸಿ ಬಿಟ್ಟರೆ ಒಂದೊಂದು ಕಾಯಿ ಒಂದೊಂದು ಕಡೆಗೆ ವಾಲುತ್ತಿತ್ತು. ಮೇಡಂ ಎಡಕ್ಕೆ ಹೋಗುವವನ್ನು ಒಂದು ಕುಕ್ಕೆಗೆ, ಬಲಕ್ಕೆ ಹೋಗುವವನ್ನು ಇನ್ನೊಂದು ಕುಕ್ಕೆಗೆ ಹಾಕಿಡುತ್ತಿದ್ದರು. ಒಡೆದವು ಚಟ್ನಿಗೆ. ಒಮ್ಮೆ ಅವರು ಆರಿಸಿಟ್ಟ ಕುಕ್ಕೆಯೇ ತಾಂಬೂಲದ ಚೀಲಗಳಿಗೆ ಹೋಗಿಬಿಟ್ಟಿತು. ಅಂದು ಅವರು ನನ್ನನ್ನು ಬೈದದ್ದು ನೋಡಿ, ಚೀಲ ಹಿಡಿದು ಹೊರಟಿದ್ದ ಬೀಗರು ಹೆದರಿ ಕಾಯಿ ವಾಪಸು ಕೊಟ್ಟರು.

ದಿಲ್ಲಿಯ ಶಿಬಿರವೊಂದರಲ್ಲಿ ಪರಿಚಯವಾದ ಹಿರಿಯ ಆಟಗಾರ್ತಿಯೊಬ್ಬರು ತಮ್ಮ ಹಳೆಯ ಗುಂಡುಗಳನ್ನು ಕೊಟ್ಟಾಗ ಈ ಅವಾಂತರ ಮುಗಿಯಿತು. ನಾಲ್ಕು ಕರಿಯ ಗುಂಡುಗಳು. ಎರಡೂ ಮಗ್ಗುಲಿಗೆ ಉಂಗುರದಂಥ ಗೆರೆಗಳು, ಬೆರಳು ಹಿಡಿತಕ್ಕೆ ಸುತ್ತ ಸಣ್ಣ ಸಣ್ಣ ಕುಳಿಗಳು. ಎದುರು ಆಡಲು ಯಾರೂ ಇಲ್ಲವಾದ್ದರಿಂದ ನನ್ನನ್ನೇ ನಿಲ್ಲಿಸಿಕೊಂಡರು. ನಾನು ಬಿಟ್ಟ ಗುಂಡು ದಾರಿ ತಪ್ಪಿದರೆ, ಅಡುಗೆಯವರನ್ನು ಕೂಗಿ ಕೂಗಿ ಅಭ್ಯಾಸವಾದ ಗಂಟಲಲ್ಲಿ, “ಏ, ಈ ಕಡೆ ಬಾ, ಬಾ!” ಎಂದು ಅದರ ಹಿಂದೆಯೇ ಓಡುತ್ತಿದ್ದೆ. ಮೇಡಂ ಅದಕ್ಕೆ ಹೇಳಿದ್ದು ಹೀಗೆ: “ಕೈ ಬುಟ್ಟ ಮೇಲೆ ಕೂಗ್ಬ್ಯಾಡ ಕಣ್ಲಾ. ಅದ್ಕೆ ಕಿವಿ ಇಲ್ಲ.” ಈ ಮಾತನ್ನು ಅವರು ಎಲ್ಲದಕ್ಕೂ ಹೇಳುತ್ತಿದ್ದರು. ತಪ್ಪಿಹೋದ ಬಸ್ಸಿಗೂ, ಪರೀಕ್ಷೆ ಬರೆದು ಬಂದು ಅಳುವ ಹುಡುಗಿಯರಿಗೂ, ಮಗಳನ್ನು ಧಾರೆ ಎರೆದು ಕೊಟ್ಟು ಕಣ್ಣೊರೆಸಿಕೊಳ್ಳುವ ತಾಯಂದಿರಿಗೂ.

ಆ ವರ್ಷ ಆಷಾಢ, ಅದರ ಬೆನ್ನಿಗೇ ಅಧಿಕ ಶ್ರಾವಣ. ನಮಗೆ ಒಲೆ ಹಚ್ಚದ ಎರಡು ತಿಂಗಳು. ಮೇಡಂ ಮಾತ್ರ ಶಾಲೆಗೆ ಹೋಗುವ ಮೊದಲು ಒಂದು ಸುತ್ತು, ಬಂದ ಮೇಲೆ ಒಂದು ಸುತ್ತು. ಶಾಮಿಯಾನದ ಗೂಟದ ತೂತುಗಳಿಗೆ ತಾವೇ ಮಣ್ಣು ತುಂಬಿ, ಆರತಕ್ಷತೆಯ ಮಿನುಗು ಕಾಗದದ ಚೂರುಗಳನ್ನು ಹುಲ್ಲಿನಿಂದ ಆರಿಸಿ ತೆಗೆದರು. ಅಷ್ಟು ಆಡಿ ದಿಲ್ಲಿಯ ಆಯ್ಕೆಗೆ ಹೋದರೆ, ಮೊದಲ ದಿನ ಬಿಟ್ಟ ಗುಂಡೆಲ್ಲ ಜ್ಯಾಕನ್ನು ದಾಟಿ ಆ ತುದಿಯ ಚರಂಡಿಗೆ ಬಿತ್ತಂತೆ. ನಮ್ಮ ಒರಟು ಹುಲ್ಲಿಗೆ ಕೈ ಪಳಗಿತ್ತು, ಅಲ್ಲಿನದು ಕನ್ನಡಿಯಂಥ ನೆಲ. ನನಗೆ ಫೋನ್ ಮಾಡಿ, “ನಿಮ್ಮ ಲಾನು ನನ್ ಕೈ ಕೆಡಿಸ್ಬುಡ್ತು ಕಣ್ಲಾ” ಎಂದು ಬೈದರು. ಮೂರನೆಯ ದಿನ ಮತ್ತೆ ಫೋನ್ ಬಂತು. “ಆಯ್ತು” ಎಂದರು. ನಾಲ್ವರ ತಂಡದಲ್ಲಿ ಮೊದಲು ಗುಂಡು ಬಿಡುವ ಜಾಗ ಅವರಿಗೆ ಸಿಕ್ಕಿತ್ತು. ಐವತ್ತು ದಾಟಿದ ಮೇಲೆ ಮಲೇಷ್ಯಾಕ್ಕೆ, ಭಾರತದ ಅಂಗಿ ತೊಟ್ಟು.

ಹೊರಡುವ ಮೊದಲು ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಒಲೆ, ಕೊಳಗ, ಸೌಟು, ಜನರೇಟರ್, ಎಲ್ಲಕ್ಕೂ ಪೂಜೆ. ಮೇಡಂ ನಾಲ್ಕು ಗುಂಡುಗಳನ್ನು ತಂದು ರುಬ್ಬುವ ಯಂತ್ರದ ಪಕ್ಕ ಸಾಲಾಗಿ ಇಟ್ಟರು. ತಾವೇ ವಿಭೂತಿ ಕಲಸಿ ಒಂದೊಂದಕ್ಕೂ ಮೂರು ಮೂರು ಬೆರಳಿನ ಪಟ್ಟೆ ಎಳೆದರು, ಚೆಂಡುಹೂವು ಇಟ್ಟರು, ಕುಂಬಳಕಾಯಿ ಒಡೆಸಿದರು. ಯಳಂದೂರಿನವರಾದ ನಮ್ಮ ಅಡುಗೆ ಯಜಮಾನರು, ಸದಾ ಹಣೆ ತುಂಬ ವಿಭೂತಿ ಇರುವವರು, “ಇನ್ನೇನ್ ಬುಡಿ ಮೇಡಂ, ಸಿವನೇ ಉಳ್ಳಾಡ್ಕಂಡು ಓಯ್ತಾನೆ” ಎಂದು ಮಂಗಳಾರತಿ ಎತ್ತಿದರು.

ಮೊದಲ ಪಂದ್ಯದ ದಿನ ನಮ್ಮಲ್ಲಿ ಕಾರ್ತಿಕದ ಮದುವೆ. ಧಾರೆ ಮುಗಿದು ಮೊದಲ ಪಂಕ್ತಿ ಕೂತಿತ್ತು. ಅಡುಗೆಮನೆಯಲ್ಲಿ ಬೇಳೆಯ ಡಬ್ಬಕ್ಕೆ ಫೋನ್ ಒರಗಿಸಿ ನೇರಪ್ರಸಾರ ನೋಡುತ್ತಿದ್ದೆವು. ಯಾವುದೋ ಕಂಬಕ್ಕೆ ಕಟ್ಟಿದ ಒಂದೇ ಕ್ಯಾಮೆರಾ, ಮಾತಿಲ್ಲ ಕತೆಯಿಲ್ಲ. ನೀಲಿ ಅಂಗಿಯಲ್ಲಿ ಮೇಡಂ ಬಂದರು. ಎದೆಯ ಮೇಲಿನ ಅಕ್ಷರ ನಮಗೆ ಕಾಣಲಿಲ್ಲ, ಆದರೆ ಅವರು ಒಂದು ಸಲ ತಲೆ ಬಗ್ಗಿಸಿ ಅದನ್ನು ನೋಡಿಕೊಂಡದ್ದು ಕಂಡಿತು. ನಿಂತು ಆಡುವ ಚಾಪೆ ಹಾಸಿದರು, ಜ್ಯಾಕ್ ಉರುಳಿಸಿದರು, ಗುಂಡು ಕೈಗೆ ತೆಗೆದುಕೊಂಡರು. ಅಷ್ಟರಲ್ಲಿ ಅಂಪೈರ್ ಕೈ ಎತ್ತಿ ನಿಲ್ಲಿಸಿದ.

ಕರ್ರಗಿನ, ಎತ್ತರದ ಮನುಷ್ಯ. ಗುಂಡನ್ನು ಕೇಳಿ ಪಡೆದ, ತಿರುಗಿಸಿದ, ಉಂಗುರದ ಗೆರೆಯೊಳಗೆ ಉಗುರು ಆಡಿಸಿದ. ಮೂಸಿದ. ಉಳಿದ ಮೂರನ್ನೂ ತರಿಸಿದ. ಎದುರು ತಂಡದವರು ಗುಂಪುಗೂಡಿದರು.

“ಏನಂತೆ? ಏನಂತೆ?” ಎಂದು ಬಡಿಸುವ ಹುಡುಗರು.

ಅಡುಗೆ ಯಜಮಾನರು ಫೋನಿಗೆ ಮೂಗು ತಾಗಿಸಿ ನೋಡಿ, ಸೌಟು ಕೆಳಗೆ ಹಾಕಿದರು. “ಅಯ್ಯೋ ಸಿವನೇ! ಅದು ಈಬತ್ತಿ ಕಣ್ರೋ! ಒರ್ಸಿಲ್ಲ!”

ಮಲೇಷ್ಯಾದಲ್ಲಿ ಯಾರಿಗೂ ಅರ್ಥವಾಗದಿದ್ದದ್ದು ಕೊಳ್ಳೇಗಾಲದ ಅಡುಗೆಮನೆಯಲ್ಲಿ ಎಲ್ಲರಿಗೂ ಅರ್ಥವಾಯಿತು. ಗುಂಡಿಗೆ ಏನಾದರೂ ಬಳಿದು ಅದರ ಓಟ ಬದಲಿಸಿದ್ದಾರೆ ಎಂದು ಅನುಮಾನ ಬಂದರೆ ಗುಂಡನ್ನೇ ಆಟದಿಂದ ಹೊರಗಿಡಬಹುದೆಂದು ಮೇಡಂ ಹಿಂದೆ ಹೇಳಿದ್ದರು. ಬೇರೆ ಗುಂಡು ಅವರ ಬಳಿ ಇರಲಿಲ್ಲ. ಜೀವಮಾನವೆಲ್ಲ ಕಾದು ತೊಟ್ಟ ಅಂಗಿಯನ್ನು ಒಂದು ಗುಂಡೂ ಬಿಡದೆ ಬಿಚ್ಚಬೇಕಾಗಬಹುದಿತ್ತು. ಪಲ್ಯ ಬಂದಿಲ್ಲ ಎಂದು ಜಗಳಕ್ಕೆ ಬಂದ ಹೆಣ್ಣಿನ ಸೋದರಮಾವನಿಗೆ ವಿಷಯ ಹೇಳಿದೆವು. ಅವರೂ ಮೇಡಂ ಶಿಷ್ಯರೇ. “ಪಲ್ಯ ಆಮ್ಯಾಲೆ ನೋಡ್ಕಳವ, ಜರುಗ್ರಲಾ” ಎಂದು ನಡುವೆ ತೂರಿ ನಿಂತರು.

ಪರದೆಯಲ್ಲಿ ಮೇಡಂ ಕೈ ಮುಗಿದು ಏನೋ ಹೇಳುತ್ತಿದ್ದರು. ಅಂಪೈರ್ ತಲೆ ಎತ್ತಿದ. ಏನೋ ಕೇಳಿದ. ಆಮೇಲೆ ಭುಜ ಕುಲುಕುವ ಹಾಗೆ ನಗತೊಡಗಿದ. ಜೇಬಿನಿಂದ ಬಟ್ಟೆ ತೆಗೆದು ನಾಲ್ಕನ್ನೂ ತಾನೇ ಒರೆಸಿ, ಇನ್ನೊಬ್ಬ ಅಧಿಕಾರಿಗೆ ತೋರಿಸಿ, ಅವನು ತಲೆಯಾಡಿಸಿದ ಮೇಲೆ ಮೇಡಂಗೆ ಕೊಟ್ಟ. ಕೊಟ್ಟು ತನ್ನ ಬೆರಳ ತುದಿ ನೋಡಿಕೊಂಡ. ಬಿಳಿಯ ಪುಡಿ ಅಂಟಿರಬೇಕು. ಅದನ್ನು ಪ್ಯಾಂಟಿಗೆ ಒರೆಸಿಕೊಳ್ಳಲಿಲ್ಲ. ಅತ್ತಿತ್ತ ನೋಡಿ, ಹಣೆಗೆ ಹಚ್ಚಿಕೊಂಡ.

ನಮ್ಮ ಅಡುಗೆಮನೆಯ ಕೂಗು ಕೇಳಿ ಊಟಕ್ಕೆ ಕೂತವರು ಎದ್ದು ನಿಂತರಂತೆ, ಬೆಂಕಿ ಬಿತ್ತೆಂದು. ಯಜಮಾನರು ಕಣ್ಣೊರೆಸಿಕೊಂಡು “ಒಗ್ಗರಣೆ ಒಗೆ, ಕಣ್ಣಿಗೋಯ್ತು” ಎಂದರು. ಒಲೆಯ ಮೇಲೆ ಒಗ್ಗರಣೆ ಇರಲಿಲ್ಲ, ಇದ್ದ ಪಾಯಸ ತಳ ಹಿಡಿದಿತ್ತು. ಮೇಡಂ ಬಲಮಂಡಿ ಊರಿ ಗುಂಡು ಬಿಟ್ಟರು. ಅದು ಬೇಲಿಯ ಕಡೆಗೆ ಹೊರಟೇ ಹೋದಂತೆ ಹೋಗಿ, ಬಾಗಿ, ನಿಧಾನಕ್ಕೆ ಬಂದು ಜ್ಯಾಕಿನ ಪಕ್ಕ ನಿಂತಿತು. ನಾಯಕಿಯಾಗಿದ್ದ ಜಾರ್ಖಂಡಿನ ಹುಡುಗಿ ಎರಡೂ ಕೈ ಎತ್ತಿದಳು. ಮೇಡಂ ಕೂಗಲಿಲ್ಲ, ಕುಣಿಯಲಿಲ್ಲ. ಬಲಮಂಡಿ ಕೊಡವಿಕೊಂಡರು.

ಅಂಪೈರ್ ಮಲೇಷ್ಯಾದ ತಮಿಳಿನವನೆಂದು ಆಮೇಲೆ ಗೊತ್ತಾಯಿತು. ಮೇಡಂಗೆ ಹನೂರಿನಾಚೆ ಗಡಿಯ ಶಾಲೆಯಲ್ಲಿ ಮೊದಲ ಕೆಲಸ, ತಮಿಳು ನೀರು ಕುಡಿದಷ್ಟು ಸಲೀಸು. “ಆಯುದ ಪೂಜೈ ಸಾಮಿ” ಎಂದರಂತೆ. ಅವನು ಗುಂಡನ್ನು ಎತ್ತಿ ಹಿಡಿದು, “ಇದುವುಮ್ ಆಯುದಮಾ ಅಮ್ಮಾ?” ಎಂದನಂತೆ, ಇದೂ ಒಂದು ಆಯುಧವೇನಮ್ಮ ಎಂದು.

ಆ ಪಂದ್ಯ ಗೆದ್ದರು, ಉಳಿದವನ್ನು ಸೋತರು. ಪದಕ ಬರಲಿಲ್ಲ. ಅದರಿಂದ ಕೊಳ್ಳೇಗಾಲದ ಉತ್ಸಾಹವೇನೂ ಕಡಿಮೆಯಾಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಮೇಡಂ ಫೋಟೋದ ಪಕ್ಕ ಒಂದು ಕ್ರಿಕೆಟ್ ಬ್ಯಾಟು. ಸನ್ಮಾನ ಸಭೆಯ ಅಧ್ಯಕ್ಷರು “ವಿಶ್ವವನ್ನೇ ಗೆದ್ದು ಬಂದ” ಎಂದು ಶುರು ಮಾಡಿದರೆ ಮೇಡಂ ಮೈಕ್ ಎಳೆದುಕೊಂಡು, “ಗೆದ್ದಿದ್ದು ಒಂದೇ ಮ್ಯಾಚು ಸಾ. ಆದ್ರೆ ಆಡಿದ್ದು ನಿಜ” ಎಂದು ಹೇಳಿ ಕೂತರು.

ಮತ್ತೆ ಕರೆ ಬರಲಿಲ್ಲ. ಅವರು ಆಡುವುದನ್ನು ಬಿಡಲೂ ಇಲ್ಲ. ಹೋದ ವರ್ಷ ಆಷಾಢದಲ್ಲಿ ಶಾಸ್ತ್ರಿಗಳ ಹತ್ತಿರ ಮಾತಾಡಿ ಬಂದು, “ಮುಂದಿನ್ ವರ್ಸ ಅಧಿಕ ಜ್ಯೇಷ್ಠ ಬತ್ತದೆ ಕಣ್ಲಾ! ಮದ್ವೆ ಕಾಲ್ದಲ್ಲೇ ಒಂದ್ ತಿಂಗ್ಳು ರಜ!” ಎಂದು ನನ್ನ ಬೆನ್ನಿಗೆ ಗುದ್ದಿದರು. ನನ್ನ ಹೊಟ್ಟೆಯಲ್ಲಿ ನಿಜವಾಗಿಯೂ ನೋವು ಬಂದಿತ್ತು. ಅದಾಗಿ ವಾರದೊಳಗೆ ಬೆಳಗ್ಗೆ ಎದೆನೋವೆಂದು ಕೂತವರು ಮೇಲೇಳಲಿಲ್ಲ. ಆಷಾಢವಾದ್ದರಿಂದ ಲಾನು ಖಾಲಿ ಇತ್ತು. ಅವರಿಗಾಗಿ ಹುಲ್ಲು ಕತ್ತರಿಸಿ ಇಟ್ಟಿದ್ದೆ.

ಮುಳ್ಳೂರಿನ ಹೊಲದಲ್ಲಿ ಮಣ್ಣು ಮಾಡಿದರು. ನಮ್ಮವರ ಪದ್ಧತಿಯಂತೆ ಕೂರಿಸಿ, ಬಿಲ್ವಪತ್ರೆ, ವಿಭೂತಿ ಗಟ್ಟಿ ಇಟ್ಟರು. ಅವರ ಅಕ್ಕ ಒಂದು ಗುಂಡನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದರು. “ಇದ್ನೂ ಮಡಗ್ಬೌದಾ ಅಯ್ನೋರೇ?” ಎಂದು ಕೇಳಿದರು. ಅಯ್ನೋರು ತಾವೇ ಅದಕ್ಕೆ ಮೂರು ಪಟ್ಟೆ ವಿಭೂತಿ ಎಳೆದು ಪಕ್ಕದಲ್ಲಿ ಇಟ್ಟರು. ಒರೆಸು ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ನಾನು ಹಿಡಿ ಮಣ್ಣು ಹಾಕುವಾಗ “ಮೇಡಂ” ಎಂದು ಜೋರಾಗಿ ಕೂಗಬೇಕೆನಿಸಿತು. ಬಾಯಿಯವರೆಗೆ ಬಂತು. ಕೈ ಬಿಟ್ಟ ಮೇಲೆ ಕೂಗಬಾರದೆಂದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಅಳು ಮಾತ್ರ ನಿಲ್ಲಲಿಲ್ಲ.

ಉಳಿದ ಮೂರು ಗುಂಡು ಅವರ ಅಕ್ಕ ನನಗೆ ಕೊಟ್ಟರು. ಈ ವರ್ಷ ಅಧಿಕ ಜ್ಯೇಷ್ಠ ಬಂತು. ಒಂದು ಬೆಳಗ್ಗೆ ಹನೂರಿನ ಛತ್ರದ ಮಾಲೀಕರು ಫೋನ್ ಮಾಡಿ, “ಏನ್ ಸಾ ಇದು ಗ್ರಾಚಾರ, ಸೀಸನ್ನಲ್ಲೇ ಒಂದ್ ತಿಂಗ್ಳು ಓಯ್ತಲ್ಲ” ಎಂದು ಅಳಲು ತೋಡಿಕೊಂಡರು. ನಾನೂ “ನಷ್ಟ ಸಾ, ಭಾರಿ ನಷ್ಟ” ಎನ್ನುತ್ತಿದ್ದೆ. ಬರಿಗಾಲಿನಲ್ಲಿ ಲಾನಿನ ಮೇಲೆ ನಿಂತಿದ್ದೆ. ಜ್ಯಾಕಿಗೆ ಬದಲಾಗಿ ಆ ತುದಿಯಲ್ಲಿ ಒಂದು ನಿಂಬೆಹಣ್ಣು ಇಟ್ಟಿದ್ದೆ. ಒಂದು ಕೈಯಲ್ಲಿ ಗುಂಡು, ಇನ್ನೊಂದರಲ್ಲಿ ಫೋನು. ಅವರು ಮಾತು ಮುಗಿಸಿ ಯಾವಾಗ ಫೋನ್ ಇಡುತ್ತಾರೋ ಎಂದು ಕಾಯುತ್ತಿದ್ದೆ.